ಒಪಿಯಾಯ್ಡ್ ವ್ಯಸನದ ಔಷಧಗಳು: ರೋಗಿಯ ಆಯ್ಕೆ ಮತ್ತು ಅದರ ಮಿತಿ

ಅಫೀಮಿನಿಂದ ದೊರೆಯುವ ಅಥವಾ ಅದರಂತೆಯೇ ವರ್ತಿಸುವ ಹೆರಾಯಿನ್, ಮಾರ್ಫಿನ್, ಫೆಂಟನಿಲ್ ಮೊದಲಾದ ದ್ರವ್ಯಗಳಿಗೆ ಒಟ್ಟಾಗಿ ಒಪಿಯಾಯ್ಡ್ ಎಂಬ ಹೆಸರಿದೆ. ಇವುಗಳ ವ್ಯಸನದ ಚಿಕಿತ್ಸೆಗೆ ಅಮೆರಿಕದಲ್ಲಿ ಮುಖ್ಯವಾಗಿ ಮೆಥಡೋನ್, ಬ್ಯುಪ್ರೆನಾರ್ಫಿನ್ ಮತ್ತು ನಾಲ್ಟ್ರೆಕ್ಸೋನ್ ಎಂಬ ಮೂರು ಔಷಧಗಳು ಬಳಕೆಯಲ್ಲಿವೆ. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವಾಗ ಔಷಧದ ಗುಣದಷ್ಟೇ, ಹಲವು ಸಲ ಅದಕ್ಕಿಂತ ಹೆಚ್ಚಾಗಿ, ಅದು ಎಲ್ಲಿ, ಯಾವ ಷರತ್ತಿನ ಮೇಲೆ ದೊರೆಯುತ್ತದೆ ಎಂಬುದೇ ನಿರ್ಣಾಯಕವಾಗುತ್ತದೆ.

ಮೆಥಡೋನ್ ಮಿದುಳಿನ ಒಪಿಯಾಯ್ಡ್ ಗ್ರಾಹಿಗಳನ್ನು, ಅಂದರೆ ದ್ರವ್ಯವು ಅಂಟಿಕೊಂಡು ಕೆಲಸಮಾಡುವ ತಾಣಗಳನ್ನು, ಪೂರ್ಣವಾಗಿ ಪ್ರಚೋದಿಸುತ್ತದೆ. ಬ್ಯುಪ್ರೆನಾರ್ಫಿನ್ ಭಾಗಶಃ ಮಾತ್ರ ಪ್ರಚೋದಿಸುವುದರಿಂದ ಉಸಿರಾಟ ಕುಗ್ಗುವ ಅಪಾಯ ಕಡಿಮೆ. ಆದರೆ ದೇಹದಲ್ಲಿ ಬೇರೆ ಒಪಿಯಾಯ್ಡ್ ಇನ್ನೂ ಇರುವಾಗಲೇ ಅದನ್ನು ಸೇವಿಸಿದರೆ ಹಿಂತೆಗೆತದ, ಅಂದರೆ ದ್ರವ್ಯ ಇಲ್ಲವಾದಾಗ ದೇಹ ಪಡುವ, ಯಾತನೆ ಒಮ್ಮೆಲೇ ಎರಗುತ್ತದೆ. ಇದನ್ನು ಒಮ್ಮೆ ಅನುಭವಿಸಿದವರು ಆ ಮಾತ್ರೆಗೆ ಮತ್ತೆ ಕೈಚಾಚಲು ಹಿಂಜರಿಯುವುದು ಸಹಜವೇ ಆಗಿದ್ದು, ಫೆಂಟನಿಲ್ ಹರಡಿದ ಮೇಲೆ ಈ ಭಯ ಇನ್ನಷ್ಟು ಬಲಿತಿದೆ. ನಾಲ್ಟ್ರೆಕ್ಸೋನ್ ಗ್ರಾಹಿಗಳನ್ನು ಪ್ರಚೋದಿಸದೆ ತಡೆಯುವ ಔಷಧವಾದ್ದರಿಂದ, ಅದನ್ನು ಆರಂಭಿಸುವ ಮೊದಲು ಸಾಮಾನ್ಯವಾಗಿ 7ರಿಂದ 10 ದಿನ ಯಾವ ಒಪಿಯಾಯ್ಡನ್ನೂ ಮುಟ್ಟದೆ ಇರಬೇಕು. 2018ರಲ್ಲಿ ಪ್ರಕಟವಾದ, 570 ಮಂದಿ ಪಾಲ್ಗೊಂಡ ಅಮೆರಿಕದ ಅಧ್ಯಯನವೊಂದರಲ್ಲಿ ಬ್ಯುಪ್ರೆನಾರ್ಫಿನ್ ಗುಂಪಿನ ಶೇ. 94ರಷ್ಟು ಜನ ಚಿಕಿತ್ಸೆ ಆರಂಭಿಸಿದರೆ, ನಾಲ್ಟ್ರೆಕ್ಸೋನ್ ಚುಚ್ಚುಮದ್ದಿನ ಗುಂಪಿನಲ್ಲಿ ಆರಂಭಿಸಲು ಸಾಧ್ಯವಾದವರು ಶೇ. 72 ಮಾತ್ರ; ಆರಂಭಿಸಿದವರ ಮಟ್ಟಿಗೆ ಎರಡರ ಫಲಿತಾಂಶವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಹೊಸ್ತಿಲು ದಾಟಲಾಗದವರನ್ನು ಬಿಟ್ಟು ಒಳಗೆ ಬಂದವರನ್ನಷ್ಟೇ ಎಣಿಸುವ ಹೋಲಿಕೆ ರೋಗಿಗೆ ಅಷ್ಟೇನೂ ನೆರವಾಗದು.

ಚಿಕಿತ್ಸೆಯಲ್ಲಿ ಉಳಿಯುವ ವಿಷಯದಲ್ಲಿ ಮೆಥಡೋನ್ ಮುಂದಿದೆ. 2014ರ ಒಂದು ದೊಡ್ಡ ಅಧ್ಯಯನದಲ್ಲಿ 24 ವಾರಗಳ ಬಳಿಕ ಮೆಥಡೋನ್ ಪಡೆದವರಲ್ಲಿ ಶೇ. 74, ಬ್ಯುಪ್ರೆನಾರ್ಫಿನ್ ಪಡೆದವರಲ್ಲಿ ಶೇ. 46 ಮಂದಿ ಚಿಕಿತ್ಸೆಯಲ್ಲಿ ಉಳಿದಿದ್ದರು. ಹೀಗಿದ್ದರೂ ಅಮೆರಿಕದಲ್ಲಿ ವ್ಯಸನಕ್ಕೆಂದು ಕೊಡುವ ಮೆಥಡೋನ್ ವಿಶೇಷ ಪರವಾನಗಿಯ ಚಿಕಿತ್ಸಾಲಯಗಳಲ್ಲಿ ಮಾತ್ರ ದೊರೆಯುತ್ತದೆ. ಅಲ್ಲಿಗೆ, ಆರಂಭದ ದಿನಗಳಲ್ಲಂತೂ, ಬಹುತೇಕ ನಿತ್ಯವೂ ಹೋಗಿ ಸಿಬ್ಬಂದಿಯ ಕಣ್ಣೆದುರೇ ಕುಡಿಯಬೇಕಾಗುತ್ತದೆ. ಊರು ದೂರವಿದ್ದವರು, ಬೆಳಗಿನ ಪಾಳಿಯ ಕೆಲಸದವರು, ಚಿಕ್ಕ ಮಕ್ಕಳ ತಾಯಂದಿರು ಈ ಕಾರಣಕ್ಕೇ ಅದನ್ನು ಬಿಟ್ಟು, ಔಷಧದಂಗಡಿಯಲ್ಲಿ ಸಿಗುವ ಬ್ಯುಪ್ರೆನಾರ್ಫಿನ್‌ನತ್ತ ತಿರುಗುವುದುಂಟು. ಇನ್ನು ಕೆಲವರಿಗೆ ಆ ನಿತ್ಯದ ಕಟ್ಟುಪಾಡೇ ಆಸರೆ ಎಂಬುದನ್ನೂ ಮರೆಯುವಂತಿಲ್ಲ. ಈ ಷರತ್ತುಗಳೂ ಕ್ರಮೇಣ ಸಡಿಲಗೊಂಡಿವೆ. ಬ್ಯುಪ್ರೆನಾರ್ಫಿನ್ ಬರೆದುಕೊಡಲು ವೈದ್ಯರಿಗೆ ಬೇಕಿದ್ದ ಪ್ರತ್ಯೇಕ ಅನುಮತಿಯನ್ನು 2022ರ ಕೊನೆಯಲ್ಲಿ ರದ್ದುಮಾಡಲಾಯಿತು. ಕೊರೊನಾ ಕಾಲದಲ್ಲಿ, 2020ರಲ್ಲಿ, ಸ್ಥಿರಗೊಂಡ ರೋಗಿಗಳಿಗೆ 28 ದಿನಗಳವರೆಗಿನ ಮೆಥಡೋನನ್ನು ಮನೆಗೆ ಒಯ್ಯಲು ಸಿಕ್ಕ ಸಡಿಲಿಕೆ 2024ರ ನಿಯಮಗಳಲ್ಲಿ ಕಾಯಂ ಆಯಿತು. ಔಷಧಗಳು ಬದಲಾಗಲಿಲ್ಲ, ಆಯ್ಕೆಯ ಲೆಕ್ಕಾಚಾರ ಮಾತ್ರ ಬದಲಾಯಿತು.

ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಡುವುದೆಂದರೆ ಒಂದು ಚಟ ಬಿಡಿಸಲು ಇನ್ನೊಂದು ಚಟ ಹಚ್ಚಿದಂತೆ ಎಂಬ ಬಂಧುಗಳ ಆಕ್ಷೇಪವೂ ಕೆಲವರನ್ನು ನಾಲ್ಟ್ರೆಕ್ಸೋನ್‌ನತ್ತ ತಳ್ಳುತ್ತದೆ. ವೈದ್ಯವಿಜ್ಞಾನ ಈ ಆಕ್ಷೇಪವನ್ನು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್‌ಗಳನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿದೆ.

ಭಾರತದ ಸ್ಥಿತಿ ಬೇರೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಜನಸಂಖ್ಯೆಯ ಸುಮಾರು ಶೇ. 2.1 ಮಂದಿ ಒಪಿಯಾಯ್ಡ್ ಬಳಸುತ್ತಾರೆ. ಇಲ್ಲಿನ ಸರ್ಕಾರಿ ಬದಲಿ-ಔಷಧ ಚಿಕಿತ್ಸೆ ಮುಖ್ಯವಾಗಿ ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನೇ ನೆಚ್ಚಿದ್ದು, ಮೆಥಡೋನ್ ಆಯ್ದ ಕೆಲವು ಕೇಂದ್ರಗಳಲ್ಲಷ್ಟೇ ದೊರೆಯುತ್ತದೆ; ಹೀಗಾಗಿ ಬಹುಪಾಲು ರೋಗಿಗಳ ಮುಂದಿರುವುದು ಯಾವ ಬದಲಿ ಔಷಧ ಎಂಬ ಪ್ರಶ್ನೆಯಲ್ಲ, ಇರುವ ಒಂದನ್ನು ಒಪ್ಪಬೇಕೇ ಬೇಡವೇ ಎಂಬ ಪ್ರಶ್ನೆ.