ಹೆರಿಗೆ ಆಸ್ಪತ್ರೆ ಮತ್ತು ‘ಗೋಷಾ’: ನಮ್ಮ ತಾಯಂದಿರ ಚರಿತ್ರೆಯ ಒಂದು ಪುಟ



ಚರಿತ್ರೆ ಎಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಎಂದೇ ನಾವು ಮಕ್ಕಳಿಗೆ ಕಲಿಸುತ್ತ ಬಂದಿದ್ದೇವೆ. ಒಮ್ಮೆ ನನ್ನ ತರಗತಿಯಲ್ಲಿ ಬೇರೆ ರೀತಿಯ ಹೋಂವರ್ಕ್ ಕೊಟ್ಟೆ. “ನೀನು ಎಲ್ಲಿ ಹುಟ್ಟಿದೆ, ನಿನ್ನ ಅಮ್ಮಿ ಎಲ್ಲಿ ಹುಟ್ಟಿದರು, ನಿನ್ನ ನಾನಿ ಎಲ್ಲಿ ಹುಟ್ಟಿದರು, ಮನೆಯಲ್ಲಿ ಕೇಳಿಕೊಂಡು ಬಾ” ಎಂದೆ. ಮಾರನೆಯ ದಿನ ಬಂದ ಉತ್ತರಗಳನ್ನು ಬೋರ್ಡಿನ ಮೇಲೆ ಬರೆದೆವು. ಮಕ್ಕಳೆಲ್ಲ ಆಸ್ಪತ್ರೆಯಲ್ಲಿ ಹುಟ್ಟಿದವರು. ಕೆಲವರು ಗುಂಡ್ಲುಪೇಟೆಯಲ್ಲಿ, ಕೆಲವರು ಚಾಮರಾಜನಗರದಲ್ಲಿ, ಒಬ್ಬಿಬ್ಬರು ಮೈಸೂರಿನ ಚೆಲುವಾಂಬದಲ್ಲಿ. ಅಮ್ಮಂದಿರ ಸಾಲಿನಲ್ಲಿ ಆಸ್ಪತ್ರೆಯೂ ಇತ್ತು, ಮನೆಯೂ ಇತ್ತು. ನಾನಿಯರ ಸಾಲಿನಲ್ಲಿ ಮಾತ್ರ ಒಂದೇ ಮಾತು: ಮನೆ, ಮನೆ, ಮನೆ. “ಆಗ ಆಸ್ಪತ್ರೆಗಳೇ ಇರಲಿಲ್ಲವೇ ಟೀಚರ್?” ಎಂದು ಒಬ್ಬ ಹುಡುಗ ಕೇಳಿದ. ಇದ್ದವು. ಇದ್ದರೂ ಏಕೆ ಹೋಗಲಿಲ್ಲ ಎಂಬುದೇ ಈ ಲೇಖನದ ವಿಷಯ.

ಇದಕ್ಕೆ ಸುಲಭವಾದ ಉತ್ತರವೊಂದು ಎಲ್ಲರ ಬಾಯಲ್ಲೂ ಇದೆ. “ಮುಸ್ಲಿಮರಲ್ಲಿ ಪರ್ದಾ ಇತ್ತು, ಅದಕ್ಕೇ ಹೆಂಗಸರನ್ನು ಆಸ್ಪತ್ರೆಗೆ ಕಳುಹಿಸುತ್ತಿರಲಿಲ್ಲ” ಎನ್ನುತ್ತಾರೆ. ನಮ್ಮವರೂ ಇದನ್ನು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾರೆ. ಇದು ಅರ್ಧ ಸತ್ಯ ಮಾತ್ರ.

ವೆಲ್ಲೂರಿನ ಪ್ರಸಿದ್ಧ ಆಸ್ಪತ್ರೆಯನ್ನು ಕಟ್ಟಿದ ಡಾ. ಐಡಾ ಸ್ಕಡರ್ ಅವರ ಜೀವನದಲ್ಲಿ ನಡೆದ ಘಟನೆ ನಿಮ್ಮಲ್ಲಿ ಹಲವರಿಗೆ ತಿಳಿದಿರಬಹುದು. ಅವರಿನ್ನೂ ವೈದ್ಯೆಯಾಗಿರದ ಕಾಲ. ತಂದೆ ತಮಿಳುನಾಡಿನ ತಿಂಡಿವನದಲ್ಲಿ ಮಿಷನ್ ವೈದ್ಯರು. ಒಂದೇ ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೆ ಒಬ್ಬರು ಬಾಗಿಲು ತಟ್ಟಿದರು. ಮೂವರ ಪತ್ನಿಯರೂ ಹೆರಿಗೆಯಾಗದೆ ಒದ್ದಾಡುತ್ತಿದ್ದರು. ತಂದೆಯನ್ನು ಕರೆದುಕೊಂಡು ಹೋಗಿ ಎಂದು ಐಡಾ ಹೇಳಿದರೆ, ಗಂಡಸು ಡಾಕ್ಟರು ಬೇಡ ಎಂದು ಮೂವರೂ ಹಿಂದಿರುಗಿದರು. ಬೆಳಗಾಗುವುದರೊಳಗೆ ಮೂವರು ತಾಯಂದಿರೂ ತೀರಿಕೊಂಡಿದ್ದರು. ಆ ಮೂವರು ಗಂಡಸರಲ್ಲಿ ಒಬ್ಬರು ಮಾತ್ರ ಮುಸ್ಲಿಮರು. ಒಬ್ಬರು ಬ್ರಾಹ್ಮಣರು, ಇನ್ನೊಬ್ಬರು ಮೇಲ್ಜಾತಿಯ ಹಿಂದೂ. ಐಡಾ ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ 1900ರಲ್ಲಿ ಮರಳಿದರು. 1918ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ವೈದ್ಯಕೀಯ ಶಾಲೆ ತೆರೆದರು. ಪರಪುರುಷರ ಕೈಗೆ ಹೆರಿಗೆ ಒಪ್ಪಿಸಲಾರೆವು ಎಂಬ ಸಂಕೋಚ ಯಾವುದೋ ಒಂದು ಧರ್ಮದ್ದಾಗಿರಲಿಲ್ಲ, ಇಡೀ ನಾಡಿನದಾಗಿತ್ತು. ಆ ಹೆಂಗಸರು ಚಿಕಿತ್ಸೆಯನ್ನು ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ಬಾಗಿಲಿಗೆ ಬಂದು ಹಿಂದಿರುಗಿದವರು ಗಂಡಂದಿರು.

1885ರಲ್ಲಿ ವೈಸ್‌ರಾಯ್ ಪತ್ನಿ ಲೇಡಿ ಡಫರಿನ್ ಹೆಸರಿನ ನಿಧಿ ಸ್ಥಾಪನೆಯಾಯಿತು. ಭಾರತದ ಹೆಂಗಸರಿಗೆ ಹೆಂಗಸರಿಂದಲೇ ವೈದ್ಯಕೀಯ ನೆರವು ಕೊಡಿಸುವುದು, ದಾಯಿಯರಿಗೂ ನರ್ಸುಗಳಿಗೂ ತರಬೇತಿ ಕೊಡುವುದು ಅದರ ಉದ್ದೇಶ. ನಮ್ಮ ಮೈಸೂರಿನಲ್ಲಿ 1906ರಲ್ಲಿ ವೆಸ್ಲಿಯನ್ ಮಿಷನ್‌ನವರು ಮೇರಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹೆಂಗಸರು ಮತ್ತು ಮಕ್ಕಳಿಗಾಗಿ ಆರಂಭಿಸಿದರು. ಇಂದಿಗೂ ಜನ ಅದನ್ನು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅದು ಇರುವುದು ಮಂಡಿ ಮೊಹಲ್ಲಾದಲ್ಲಿ, ಅಂದರೆ ನಮ್ಮ ಸಮುದಾಯದವರು ಬಹುಸಂಖ್ಯೆಯಲ್ಲಿ ಬಾಳುವ ಕೇರಿಗಳ ನಡುವೆ.

ಈಗ ಬೆಂಗಳೂರಿಗೆ ಬನ್ನಿ. ಶಿವಾಜಿನಗರದಲ್ಲಿ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆ ಇದೆ. ಹೆಸರು ಹಾಜಿ ಸರ್ ಇಸ್ಮಾಯಿಲ್ ಸೇಠ್ ಗೋಷಾ ಆಸ್ಪತ್ರೆ. ಆಟೋದವರು ‘ಗೋಷಾ ಆಸ್ಪತ್ರೆ’ ಎಂದರೆ ಸಾಕು, ಕರೆದೊಯ್ಯುತ್ತಾರೆ. ಆದರೆ ಆ ಪದದ ಅರ್ಥ ಈಗ ಎಷ್ಟು ಜನರಿಗೆ ಗೊತ್ತು? ಉರ್ದು ಕಲಿಸುವ ನನಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ‘ಗೋಷಾ’ ಫಾರ್ಸಿಯಿಂದ ಉರ್ದುವಿಗೆ ಬಂದ ಮಾತು. ಮೂಲೆ, ಏಕಾಂತದ ಜಾಗ ಎಂದರ್ಥ. ಅಲ್ಲಿಂದ ಮುಂದೆ ಅದು ಪರ್ದಾದಲ್ಲಿರುವ ಹೆಂಗಸರಿಗೆ ಸಂಬಂಧಿಸಿದ ಮಾತಾಯಿತು. ಸೇಠ್ ಸಾಹೇಬರು ಕಚ್ಛಿ ಮೆಮನ್ ಸಮುದಾಯದ ದೊಡ್ಡ ವ್ಯಾಪಾರಿ. ಫ್ರೇಜರ್ ಟೌನಿನಲ್ಲಿ ಅವರ ಹೆಸರಿನ ಮಸೀದಿ ಇದೆ, ಅದರಿಂದಲೇ ಆ ರಸ್ತೆಗೆ ಮಾಸ್ಕ್ ರಸ್ತೆ ಎಂಬ ಹೆಸರು. ಮಸೀದಿ ಕಟ್ಟಿಸಿದ ದಾನಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಪರ್ದಾದ ಹೆಂಗಸರು ಹೆರಿಗೆಗೆ ಹೋಗಲು ತಕ್ಕ ಜಾಗವಿಲ್ಲ ಎಂಬುದನ್ನು ಕಂಡು, ಅದಕ್ಕೆಂದು ಹಣ ಕೊಟ್ಟವರು ಎಷ್ಟು ಮಂದಿ? ಹೆಂಗಸರು ಬರುವುದಿಲ್ಲ ಎಂದು ಅವರು ದೂರಲಿಲ್ಲ, ಬರುವಂಥ ಆಸ್ಪತ್ರೆಗೆ ನೆರವಾದರು. ಹೆಂಗಸರು ಬಂದರು. ಇಂದು ಆ ‘ಗೋಷಾ’ದಲ್ಲಿ ಎಲ್ಲ ಮತದ ತಾಯಂದಿರೂ ಹೆರುತ್ತಾರೆ.

ಮನೆಯ ಹೆರಿಗೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ನಮ್ಮ ಹಳ್ಳಿಗಳಲ್ಲಿ ದಾಯಿಯೂ ಸೂಲಗಿತ್ತಿಯೂ ಜಾತಿ ಮತ ನೋಡದೆ ರಾತ್ರಿ ಎದ್ದು ಬರುತ್ತಿದ್ದವರು. ಆದರೆ ಹೆರಿಗೆಯ ನಂತರ ರಕ್ತ ನಿಲ್ಲದಿದ್ದರೆ, ನಂಜೇರಿದರೆ, ಮಗು ಅಡ್ಡ ತಿರುಗಿದ್ದರೆ ಅವರ ಕೈಯಲ್ಲಿ ರಕ್ತದ ಬಾಟಲಿ ಇರಲಿಲ್ಲ, ಆಪರೇಷನ್ ಕೋಣೆ ಇರಲಿಲ್ಲ. ಆಸ್ಪತ್ರೆಯೂ ಹುಟ್ಟಿದಾಗಲೇ ಸುರಕ್ಷಿತವಾಗಿರಲಿಲ್ಲ ಎಂಬುದು ವಿದ್ಯಾರ್ಥಿಗಳಿಗೆ ತಿಳಿದಿರಲಿ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿ ಜ್ವರದಿಂದ ಸಾಲಾಗಿ ಸಾಯುತ್ತಿದ್ದವರನ್ನು ಕಂಡು ಡಾ. ಸೆಮ್ಮೆಲ್ವೈಸ್, ಹೆಣ ಕೊಯ್ದ ಕೈಯನ್ನು ಕ್ಲೋರಿನ್ ನೀರಿನಲ್ಲಿ ತೊಳೆಯದೆ ಹೆರಿಗೆ ಕೋಣೆಗೆ ಬರಕೂಡದು ಎಂದರು. ಸಾವು ಇಳಿಯಿತು. ಸಹೋದ್ಯೋಗಿ ವೈದ್ಯರಿಗೆ ಮಾತ್ರ ಸಿಟ್ಟು ಬಂತು.

ನಮ್ಮ ದೀನಿನಲ್ಲಿ ಇದಕ್ಕೆ ಅಡ್ಡಿಯಿದೆಯೇ ಎಂದು ಇಂದಿಗೂ ಕೇಳುವವರಿದ್ದಾರೆ. ಮದೀನಾದಲ್ಲಿ ಮಸೀದಿಯ ಬಳಿಯ ಡೇರೆಯಲ್ಲಿ ಗಾಯಾಳುಗಳಿಗೆ ಶುಶ್ರೂಷೆ ಮಾಡಿದ ಹಜ್ರತ್ ರುಫೈದಾ ಅವರ ಹೆಸರು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರಬೇಕು. ಸಾವಿರ ವರ್ಷದ ಹಿಂದೆ ಕುರ್ತುಬಾದ ವೈದ್ಯ ಅಲ್ ಜಹ್ರಾವಿ ತಮ್ಮ ಗ್ರಂಥದಲ್ಲಿ ಕಷ್ಟದ ಹೆರಿಗೆಯ ಬಗ್ಗೆ ಬರೆದು ದಾಯಿಯರಿಗೆ ಸೂಚನೆ ಕೊಟ್ಟಿದ್ದಾರೆ. ಹೆರಿಗೆಯಲ್ಲಿ ತೀರಿದ ಹೆಣ್ಣಿಗೆ ಶಹೀದರ ದರ್ಜೆ ಇದೆ ಎಂದು ಹದೀಸ್‌ನಲ್ಲಿದೆ. ಅದು ಕಳೆದುಕೊಂಡವರಿಗೆ ಸಾಂತ್ವನ. ಅದನ್ನೇ ನೆಪ ಮಾಡಿಕೊಂಡು ಗಾಡಿ ತರಲು ತಡ ಮಾಡಿದವನಿಗೆ ಏನು ಹೇಳೋಣ?

ಮತ್ತೆ ನಮ್ಮ ಸೀಮೆಗೆ ಬರೋಣ. ನಮ್ಮ ತೊಂದರೆ ಪರ್ದಾಕ್ಕಿಂತ ಹೆಚ್ಚಾಗಿ ದೂರದ್ದು. ಬೆಂಗಳೂರಿನಲ್ಲಿ 1935ರಲ್ಲಿಯೇ ವಾಣಿವಿಲಾಸ ಆಸ್ಪತ್ರೆ ತೆರೆದಿತ್ತು. ಮದ್ದೂರಿನ ಬಸುರಿಗೆ ಅದರಿಂದೇನು? ಕಷ್ಟದ ಹೆರಿಗೆ ಎಂದರೆ ‘ಮೈಸೂರಿಗೆ ಬರೆದುಕೊಟ್ಟರು’ ಎನ್ನುತ್ತಿದ್ದರು. ಗುಂಡ್ಲುಪೇಟೆಯಿಂದಲೇ ಸುಮಾರು 60 ಕಿಲೋಮೀಟರ್. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಸುದರ್ಶನ್ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಹೆಣ್ಣುಮಕ್ಕಳಿಗೇ ನರ್ಸಿಂಗ್ ತರಬೇತಿ ಕೊಟ್ಟು ಅವರನ್ನೇ ಕಾಡಿನ ಜನರ ಸೇವೆಗೆ ಕಳುಹಿಸಿತು. ಸೇಠ್ ಸಾಹೇಬರಿಗೆ ತಿಳಿದಿದ್ದೇ ಇಲ್ಲಿಯೂ ನಡೆಯಿತು: ತನ್ನ ಮಾತು ಆಡುವ, ತನ್ನ ಸಂಕೋಚ ಅರಿಯುವ ಹೆಣ್ಣು ಅಲ್ಲಿದ್ದರೆ ಹೆಣ್ಣು ಬರುತ್ತಾಳೆ.

2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಜೊತೆಗೆ ಆಶಾ ಕಾರ್ಯಕರ್ತೆಯರು ಬಂದರು. 2008ರ ನವೆಂಬರ್‌ನಲ್ಲಿ 108 ಆಂಬುಲೆನ್ಸ್ ಬಂತು. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಊಟ ಎಲ್ಲವೂ ಉಚಿತ. ಚಾಮರಾಜನಗರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1998-99ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡಾ 51ರಷ್ಟು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-20ರ ಸಮೀಕ್ಷೆಯ ಹೊತ್ತಿಗೆ ಅದು 97. ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ನಮ್ಮ ಬೋರ್ಡಿನ ಮೇಲಿನ ಮೂರು ಸಾಲುಗಳು ಹೇಳಿದ್ದೂ ಇದನ್ನೇ. ಬಂಡೀಪುರ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ನಿಷೇಧವಿದೆ. ಮದ್ದೂರು ಚೆಕ್‌ಪೋಸ್ಟಿನ ಗೇಟು ಬೀಳುತ್ತದೆ. ಆಂಬುಲೆನ್ಸಿಗೆ ಮಾತ್ರ ಆ ಗೇಟು ಏಳುತ್ತದೆ.

ಆದರೆ ಆಸ್ಪತ್ರೆಯ ಬಾಗಿಲಲ್ಲಿ ಇನ್ನೊಂದು ಗೇಟು ಹುಟ್ಟಿಕೊಂಡಿದೆ. ಅದು ಕಾಗದದ ಗೇಟು. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಒಬ್ಬ ಬಡ ಬಸುರಿಯನ್ನು ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ಆಸ್ಪತ್ರೆಯಲ್ಲಿ ದಾಖಲಿಸಿಕೊಳ್ಳಲಿಲ್ಲ ಎಂಬ ದೂರು ನಾಡಿನ ಎಲ್ಲ ಪತ್ರಿಕೆಗಳಲ್ಲೂ ಬಂತು. ಆಕೆ ಮನೆಯಲ್ಲೇ ಹೆತ್ತಳು. ತಾಯಿಯೂ ಅವಳಿ ಮಕ್ಕಳೂ ಉಳಿಯಲಿಲ್ಲ. ಸಿಬ್ಬಂದಿಯ ಅಮಾನತಾಯಿತು. ತುರ್ತು ಸಮಯದಲ್ಲಿ ದಾಖಲೆ ಕೇಳಿ ವಾಪಸು ಕಳುಹಿಸಕೂಡದು ಎಂದು ಸರ್ಕಾರ ಹೇಳಿತು. ನಮ್ಮ ಕೇರಿಗಳಲ್ಲಿ ಕೂಲಿಗೆಂದು ಊರೂರು ಅಲೆಯುವ ಕುಟುಂಬಗಳಿವೆ. ಅವರ ಮನೆಯ ಬಸುರಿಯರಿಗೆ ಮೂರನೆಯ ತಿಂಗಳಲ್ಲೇ ತಾಯಿ ಕಾರ್ಡ್ ಆಗಿದೆಯೇ ಎಂದು ಸಂಘದ ಸದಸ್ಯರು ಮನೆ ಮನೆಗೆ ಹೋಗಿ ವಿಚಾರಿಸಿದರೆ ಅದೂ ತಾಲೀಮಿನ ಕೆಲಸವೇ.

ಇನ್ನು ಒಳಗಿನ ಮಾತು. ಒಂದೇ ಹಾಲಿನಲ್ಲಿ ಪರದೆಯಿಲ್ಲದೆ ಮಂಚಗಳು, ನೋವಿಗೆ ಕೂಗಿದರೆ ಗದರಿಕೆ. ಇದನ್ನು ಅನುಭವಿಸಿದ ಹೆಂಗಸರು ಮನೆಯಲ್ಲಿಯೂ ಹೇಳಿಕೊಳ್ಳುವುದಿಲ್ಲ. 2017ರ ಕೊನೆಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮವು ಹೆರಿಗೆ ಕೋಣೆಯಲ್ಲಿ ಮರೆ ಇರಬೇಕು, ಗೌರವದಿಂದ ನಡೆಸಿಕೊಳ್ಳಬೇಕು, ಜೊತೆಗೆ ಒಬ್ಬ ಹೆಣ್ಣು ಇರಲು ಬಿಡಬೇಕು ಎನ್ನುತ್ತದೆ. ಓದಿದಾಗ ನನಗೆ ಅನ್ನಿಸಿತು, ಇದು ಹಳೆಯ ‘ಗೋಷಾ’ವೇ ಅಲ್ಲವೇ?

ಆ ಹೋಂವರ್ಕ್ ಕೊಟ್ಟ ವಾರದ ನಂತರ ಒಬ್ಬ ಹುಡುಗಿ ತನ್ನ ನಾನಿಯನ್ನೇ ಶಾಲೆಗೆ ಕರೆದುಕೊಂಡು ಬಂದಳು. ಏಳು ಮಕ್ಕಳ ತಾಯಿ. ಐದು ಮನೆಯಲ್ಲಿ, ಕೊನೆಯ ಎರಡು ಆಸ್ಪತ್ರೆಯಲ್ಲಿ. “ಐದಕ್ಕೆ ಹೋಗದವರು ಆರನೆಯದಕ್ಕೆ ಏಕೆ ಹೋದಿರಿ ಖಾಲಾ?” ಎಂದು ಕೇಳಿದೆ. ಅವರು ಸೆರಗು ಸರಿಮಾಡಿಕೊಂಡು, ಇದೂ ಒಂದು ಪ್ರಶ್ನೆಯೇ ಎಂಬಂತೆ ನನ್ನ ಮುಖ ನೋಡಿ ಹೇಳಿದರು: “ಆ ವರ್ಷ ಅಲ್ಲಿಗೆ ನರ್ಸಮ್ಮ ಬಂದಿದ್ದಳಮ್ಮ. ಅದಕ್ಕೂ ಮೊದಲು ಕಾಂಪೌಂಡರ್ ಇದ್ದ.”