ರಸ್ತೆಯ ಮೇಲೆ ಕರೆಂಟು ಕೊಳ್ಳುವ ಕಥೆ

ಮೂವತ್ನಾಲ್ಕು ವರ್ಷ ಮುಂಬಯಿಯ ಬ್ಯಾಂಕೊಂದರಲ್ಲಿ ಪರರ ದುಡ್ಡು ಎಣಿಸಿದವನು ನಾನು. ಜೇಬಿನಲ್ಲಿ ಗರಿಗರಿ ನೋಟುಗಳಿದ್ದೂ ಒಂದು ಯಂತ್ರದ ಮುಂದೆ ಭಿಕಾರಿಯ ಹಾಗೆ ನಿಲ್ಲಬೇಕಾದೀತು ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ನಿಲ್ಲಬೇಕಾಯಿತು ನೋಡಿ. 2022ರ ಡಿಸೆಂಬರ್, ಬೆಳಗಿನ ಜಾವ ಐದೂವರೆ, ನಿಪ್ಪಾಣಿ.

ಅವತ್ತು ಧಾರವಾಡದಲ್ಲಿ ಅವ್ವನ ವರ್ಷಾಂತಿಕ. ಹನ್ನೊಂದಕ್ಕೆ ನಾನು ಅಲ್ಲಿ ಕೂತಿರಲೇಬೇಕು, ಹಿರಿಯ ಮಗ. ಡೊಂಬಿವಲಿಯಿಂದ ರಾತ್ರಿ ಹೊರಟಿದ್ದೆವು, ಮಗನ ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ. "ರೈಲಿಗೆ ಹೋಗೋಣ" ಅಂದಿದ್ದೆ. "ಅಪ್ಪಾ, ಪೆಟ್ರೋಲಿನ ಅರ್ಧ ಖರ್ಚು, ನೀವು ಸುಮ್ನೆ ಕೂತ್ಕೊಳ್ಳಿ" ಅಂದ. ಪುಣೆ ಹೊರವಲಯದಲ್ಲಿ ಒಮ್ಮೆ, ಕರಾಡದಲ್ಲಿ ಒಮ್ಮೆ ಚಾರ್ಜ್ ಆಯಿತು. ಕೊಲ್ಹಾಪುರದಲ್ಲಿ ನಂಬಿಕೊಂಡಿದ್ದ ಯಂತ್ರ ಸತ್ತು ಬಿದ್ದಿತ್ತು. ನಿಪ್ಪಾಣಿ ಮುಟ್ಟುವಾಗ ಬ್ಯಾಟರಿ ನೂರಕ್ಕೆ 11. ಅಲ್ಲಿಯ ಯಂತ್ರವೇನೋ ಹಸಿರು ದೀಪ ಹಚ್ಚಿಕೊಂಡು ಜೀವಂತವಾಗಿತ್ತು. ಆದರೆ ಅದು ಬೇರೆ ಕಂಪನಿಯದು, ಅದಕ್ಕೆ ಬೇರೆ ಆ್ಯಪ್. ಆ ಆ್ಯಪಿಗೆ ಹೆಸರು ಬರೆಸಬೇಕು, ಬರೆಸಲು ಓಟಿಪಿ ಬರಬೇಕು. ಮಗನ ಫೋನಿಗೆ ಸಿಗ್ನಲ್ ಇಲ್ಲ. ನನ್ನದು ಗುಂಡಿ ಒತ್ತುವ ಹಳೇ ಫೋನು. ಆರು ಐದುನೂರರ ನೋಟು ಕೈಯಲ್ಲಿ ಹಿಡಿದು ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ದುಡ್ಡು ತೂರಿಸುವ ಒಂದು ಸಂದಿಯೂ ಇಲ್ಲ!

ಮುಂದೇನಾಯಿತು ಆಮೇಲೆ ಹೇಳುತ್ತೇನೆ. ಊರಿಂದ ಮರಳಿದ ಮೇಲೆ ತಲೆಯಲ್ಲಿ ಹುಳ ಹೊಕ್ಕಿತು. ದಾರಿಯಲ್ಲಿ ಕರೆಂಟು ಮಾರುವುದು ಹೊಸದಿರಬಹುದು, ಆದರೆ ದುಡ್ಡು ಕೊಡುವುದು ಇಷ್ಟು ಕಗ್ಗಂಟಾದದ್ದು ಯಾಕೆ? ನಿವೃತ್ತನಿಗೆ ಸಮಯಕ್ಕೇನು ಬರ, ಹುಡುಕುತ್ತಾ ಹೋದೆ.

ಮೊದಲ ಆಶ್ಚರ್ಯ ಏನೆಂದರೆ ಈ ವಿದ್ಯೆ ಹೊಸದೇ ಅಲ್ಲ. ಲಂಡನ್ನಿನಲ್ಲಿ 1897ರಲ್ಲೇ ಬ್ಯಾಟರಿ ಟ್ಯಾಕ್ಸಿಗಳು ಓಡಿದ್ದವು. ಅಮೆರಿಕದಲ್ಲಿ 1900ರ ಆಸುಪಾಸಿನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ರಸ್ತೆ ಬದಿಗೆ ನಿಲ್ಲಿಸುವ ಒಂದು ಕಂಬವನ್ನು ಯೋಚಿಸಿತ್ತು. ಹೆಸರು ಎಲೆಕ್ಟ್ರಂಟ್. ಬೆಂಕಿ ಆರಿಸುವ ನೀರಿನ ಹೈಡ್ರಂಟ್ ಇರುತ್ತದಲ್ಲ, ಅದರ ತಮ್ಮ ಅನ್ನಿ. 25 ಸೆಂಟಿನ ನಾಣ್ಯ ಹಾಕಿದರೆ ಎರಡೂವರೆ ಯೂನಿಟ್ ಕರೆಂಟು. ಹೆಸರು ಬೇಡ, ಊರು ಬೇಡ, ಓಟಿಪಿ ಅಂತೂ ಬೇಡವೇ ಬೇಡ. ನಮ್ಮ ಹಳೇ ರೈಲ್ವೆ ಸ್ಟೇಷನ್ನುಗಳಲ್ಲಿ ನಾಣ್ಯ ಹಾಕಿ ತೂಕ ನೋಡುತ್ತಿದ್ದ ದೀಪದ ಯಂತ್ರ ನೆನಪಾಯಿತು. ಅದು ಭವಿಷ್ಯ ಬೇರೆ ಹೇಳುತ್ತಿತ್ತು!

ಎಲೆಕ್ಟ್ರಂಟ್ ಊರೂರಿಗೆ ಹಬ್ಬಲಿಲ್ಲ. ಅದಕ್ಕಿಂತ ಜಾಣತನದ ಕೆಲಸ ನಡೆದದ್ದು ಹಾರ್ಟ್‌ಫರ್ಡ್ ಎಂಬ ಊರಿನ ವಿದ್ಯುತ್ ಕಂಪನಿಯಲ್ಲಿ, 1910ರಿಂದ 1924ರವರೆಗೆ. ಗಿರಾಕಿ ಬ್ಯಾಟರಿ ಇಲ್ಲದ ಗಾಡಿ ಕೊಳ್ಳುತ್ತಿದ್ದ, ಬ್ಯಾಟರಿ ಕಂಪನಿಯದ್ದು. ಖಾಲಿಯಾದದ್ದನ್ನು ಕೊಟ್ಟು ತುಂಬಿದ್ದನ್ನು ಒಯ್ಯುವುದು, ನಮ್ಮ ಗ್ಯಾಸ್ ಸಿಲಿಂಡರ್ ಹಾಗೆ. ತಿಂಗಳಿಗೆ ಇಷ್ಟು ಬಾಡಿಗೆ, ಓಡಿದ ಮೈಲಿಗೆ ಇಷ್ಟು. ಹೆಚ್ಚಾಗಿ ಲಾರಿಗಳು. ಎಲ್ಲ ಸೇರಿ ಅರವತ್ತು ಲಕ್ಷ ಮೈಲಿಗೂ ಹೆಚ್ಚು ಓಡಿದವು. ಆದರೆ ಊರು ಬಿಟ್ಟು ದೂರ ಹೋಗುವವನಿಗೆ ಅದು ಉಪಯೋಗವಿರಲಿಲ್ಲ. ಅಷ್ಟರಲ್ಲಿ ಪೆಟ್ರೋಲು ಬಂತು, ಡಬ್ಬದಲ್ಲಿ ಎಲ್ಲಿ ಬೇಕಾದರೂ ಸಿಕ್ಕಿತು, ಆಟ ಮುಗಿಯಿತು.

ಪೆಟ್ರೋಲಿಗೂ ಕಷ್ಟದ ದಿನಗಳಿದ್ದವು ಅನ್ನಿ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಷನ್ ಕೂಪನ್ ಇಲ್ಲದೆ ಪೆಟ್ರೋಲು ಇಲ್ಲ. ನಮ್ಮಪ್ಪ ಇದ್ದಲಿ ಬಸ್ಸಿನ ಕಥೆ ಹೇಳುತ್ತಿದ್ದರು. ಬಸ್ಸಿನ ಹಿಂದೆ ಇದ್ದಲಿನ ಒಲೆ, ಕ್ಲೀನರ್ ಹುಡುಗ ಬೆವರು ಸುರಿಸುತ್ತ ಗಾಳಿ ತಿರುಗಿಸುವುದು, ಏರು ಬಂದರೆ ಪ್ರಯಾಣಿಕರೇ ಇಳಿದು ತಳ್ಳುವುದು. ಆದರೆ ಅಲ್ಲೂ ದುಡ್ಡು ತಗೊಳ್ಳಲು ಒಬ್ಬ ಮನುಷ್ಯ ಇದ್ದ ಎಂಬುದು ಮುಖ್ಯ.

ಇನ್ನು ನಮ್ಮ ಕಡೆಗೆ ಬರೋಣ. ಕರೆಂಟಿನ ವಿಷಯದಲ್ಲಿ ಕನ್ನಡಿಗರು ಹಿಂದೆ ಬಿದ್ದವರಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟೆವು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ. ಮುಂಬಯಿಗೆ ಖೋಪೋಲಿಯ ಟಾಟಾ ಜಲವಿದ್ಯುತ್ ಬಂದದ್ದು 1915ರಲ್ಲಿ. (ಅದೇ ಖೋಪೋಲಿಯ ಘಾಟ್ ಹತ್ತುವಾಗ ಮಗನ ಕಾರಿನ ಬ್ಯಾಟರಿ ಗಡಗಡ ಇಳಿಯುವುದನ್ನು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಇಳಿಯುವಾಗ ಸ್ವಲ್ಪ ವಾಪಸ್ ಬರುತ್ತದೆ, ಅದು ಬೇರೆ ಮಾತು.) ಬ್ಯಾಟರಿ ಕಾರನ್ನೂ ಬೆಂಗಳೂರು ಮಾಡಿ ಮಾರಿತು, 2001ರಲ್ಲಿ ಚೇತನ್ ಮೈನಿಯವರ ರೇವಾ. ಆಟಿಕೆಯ ಹಾಗೆ ಕಾಣುತ್ತಿದ್ದ ಆ ಪುಟ್ಟ ಗಾಡಿಗೆ ಮನೆಯ 15 ಆಂಪ್ ಪ್ಲಗ್ಗೇ ಸಾಕು. ಒಮ್ಮೆ ತುಂಬಿಸಿದರೆ 80 ಕಿಲೋಮೀಟರ್. ದುಡ್ಡಿನ ಪ್ರಶ್ನೆಯೇ ಏಳಲಿಲ್ಲ, ಮನೆಯ ಮೀಟರಿನಲ್ಲಿ ಸೇರಿ ಹೋಗುತ್ತಿತ್ತು. ರೇವಾದಲ್ಲಿ ಕೂತು ಯಾರೂ ಧಾರವಾಡಕ್ಕೆ ಹೊರಡಲಿಲ್ಲವಲ್ಲ!

ಪ್ರಶ್ನೆ ಎದ್ದದ್ದು ಗಾಡಿಗಳು ಊರು ದಾಟುವಷ್ಟು ಬಲಿತ ಮೇಲೆ. ಆಗ ಅಡ್ಡ ಬಂದದ್ದು ಒಂದು ಕಾನೂನು. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದವರು ಕರೆಂಟು ಹಂಚುವ ಹಾಗಿಲ್ಲ, ಅದರ ವ್ಯಾಪಾರ ಮಾಡುವ ಹಾಗಿಲ್ಲ. ಹೋಟೆಲಿನವನು ತನ್ನ ಅಂಗಳದಲ್ಲಿ ಯಂತ್ರ ಇಟ್ಟು ಯೂನಿಟ್ಟಿಗೆ ಇಷ್ಟು ಅಂತ ತಗೊಂಡರೆ ಅದು ಕರೆಂಟು ಮಾರಿದ ಹಾಗೆ ಆಗುವುದಿಲ್ಲವೆ? ಯಾರೂ ಧೈರ್ಯ ಮಾಡಲಿಲ್ಲ. ಕರ್ನಾಟಕ 2017ರಲ್ಲೇ, ದೇಶದಲ್ಲೇ ಮೊದಲಿಗೆ, ಎಲೆಕ್ಟ್ರಿಕ್ ವಾಹನ ನೀತಿ ತಂದಿತು. ಬೆಸ್ಕಾಂ 2018ರ ಫೆಬ್ರವರಿಯಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ಲಿನ ತನ್ನ ಕಚೇರಿಯಲ್ಲಿ ಚಾರ್ಜಿಂಗ್ ಕೇಂದ್ರ ತೆರೆಯಿತು. ಅದಕ್ಕೆ ಲೈಸೆನ್ಸಿನ ಚಿಂತೆ ಇರಲಿಲ್ಲ, ಕರೆಂಟು ಹಂಚುವುದೇ ಅದರ ಕಸುಬು. ಉಳಿದವರ ಗತಿ?

2018ರ ಏಪ್ರಿಲ್ 13ರಂದು ಕೇಂದ್ರದ ವಿದ್ಯುತ್ ಮಂತ್ರಾಲಯ ಒಂದು ಸ್ಪಷ್ಟೀಕರಣ ಹೊರಡಿಸಿತು. ಕರಡು ತಿದ್ದಿದವರು ಯಾರೋ ಏನೋ, ತರ್ಕ ಮಾತ್ರ ನಮ್ಮ ನ್ಯಾಯಶಾಸ್ತ್ರದ ಪಂಡಿತರೂ ಮೆಚ್ಚುವಂಥದ್ದು. ಬ್ಯಾಟರಿ ಚಾರ್ಜ್ ಮಾಡುವಾಗ ಕರೆಂಟು ರಾಸಾಯನಿಕ ಶಕ್ತಿಯಾಗಿ ಬದಲಾಗಿ ಬ್ಯಾಟರಿಯಲ್ಲಿ ಕೂರುತ್ತದೆ. ಕೇಂದ್ರದವನು ಕರೆಂಟನ್ನು ಸಾಗಿಸಲೂ ಇಲ್ಲ, ಹಂಚಲೂ ಇಲ್ಲ, ಮಾರಲೂ ಇಲ್ಲ. ಅವನು ಕೊಟ್ಟದ್ದು ಒಂದು ಸೇವೆ. ಆದ್ದರಿಂದ ಲೈಸೆನ್ಸ್ ಬೇಡ. ಒಂದೇ ಪತ್ರದಿಂದ ಬಾಗಿಲು ತೆರೆಯಿತು, ಇವತ್ತು ರಸ್ತೆ ಬದಿ ಕಾಣುವ ಖಾಸಗಿ ಯಂತ್ರಗಳೆಲ್ಲ ಆ ಬಾಗಿಲಿನಿಂದ ಬಂದವು.

ಆದರೆ ಒಮ್ಮೆ ಸೇವೆ ಅಂದ ಮೇಲೆ ಮುಗಿಯಿತಲ್ಲ! ಕರೆಂಟಿಗೆ ಜಿಎಸ್‌ಟಿ ಇಲ್ಲ, ಸೇವೆಗೆ ಉಂಟು. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಇದನ್ನೇ ಕೇಳಲು ಹೋಯಿತು. ನಮ್ಮ ಕೇಂದ್ರಗಳಲ್ಲಿ ಚಾರ್ಜ್ ಮಾಡಿಸಿಕೊಂಡವರ ಬಿಲ್ಲಿನಲ್ಲಿ ಕರೆಂಟಿನ ಭಾಗ ಸರಕೇ, ಸೇವೆಯೇ? ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಹೇಳಿತು: ಎಲ್ಲವೂ ಸೇವೆ, ಎಲ್ಲಕ್ಕೂ ಶೇಕಡಾ 18. ಲೈಸೆನ್ಸಿನಿಂದ ಪಾರು ಮಾಡಿದ ಮಾತೇ ತೆರಿಗೆಗೆ ಸಿಕ್ಕಿಸಿತು. ಅದೇ ಕರೆಂಟನ್ನು ಮನೆಯ ಪ್ಲಗ್ಗಿನಿಂದ ತುಂಬಿಸಿದರೆ ಈ 18 ಇಲ್ಲ. ಅಂದರೆ ಊರಲ್ಲೇ ಇರುವವನಿಗೆ ಅಗ್ಗ, ದೂರ ಹೋಗುವವನಿಗೆ ದುಬಾರಿ. ನಮ್ಮಂಥ ವಲಸೆಗಾರರ ಹಣೆಬರಹವೇ ಇಷ್ಟು, ಊರು ದೂರ ಇದ್ದವನೇ ದಂಡ ಕಟ್ಟಬೇಕು.

ಈಗ ಆ್ಯಪಿನ ವಿಷಯ. 2018ರ ಡಿಸೆಂಬರಿನಲ್ಲಿ ಬಂದ ಮಾರ್ಗಸೂಚಿಯಲ್ಲಿ ಹೆದ್ದಾರಿಯ ಎರಡೂ ಕಡೆ 25 ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕು ಅಂತ ಗುರಿ ಇತ್ತು. ಮೊದಲೇ ಆನ್‌ಲೈನಿನಲ್ಲಿ ಜಾಗ ಕಾಯ್ದಿರಿಸಲು ಅನುಕೂಲವಾಗುವಂತೆ ಪ್ರತಿ ಕೇಂದ್ರವೂ ಕನಿಷ್ಠ ಒಂದು ಜಾಲ ಸೇವಾ ಸಂಸ್ಥೆಯ ಜೊತೆ ಕೈ ಜೋಡಿಸಬೇಕು ಅಂತಲೂ ಇತ್ತು. ಕನಿಷ್ಠ ಒಂದು! ಎಲ್ಲರೂ ಒಂದೊಂದನ್ನು ಹಿಡಿದುಕೊಂಡರು, ಅವರವರದ್ದೇ ಆ್ಯಪ್, ಅವರವರದ್ದೇ ಪರ್ಸು.

ಯುಪಿಐ 2016ರಿಂದಲೇ ಇತ್ತಲ್ಲ, ಕೊತ್ತಂಬರಿ ಮಾರುವ ಅಜ್ಜಿಯೂ ತಗೊಳ್ಳುತ್ತಾಳೆ, ಯಂತ್ರಕ್ಕೇನು ರೋಗ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಬ್ಯಾಂಕಿನವನಾಗಿ ಉತ್ತರ ಹೊಳೆಯಲು ತಡವಾಗಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹುಡುಗ ನಿಂತಿರುತ್ತಾನೆ, ತುಂಬಿಸಿದ ಮೇಲೆ ದುಡ್ಡು ಕೊಡದೆ ಹೋಗಲು ಬಿಡುವುದಿಲ್ಲ. ಇಲ್ಲಿ ಯಾರೂ ಇಲ್ಲ. ಎಷ್ಟು ಯೂನಿಟ್ ಹೋಗುತ್ತದೆ ಅಂತ ಮೊದಲೇ ಗೊತ್ತಿಲ್ಲ. ವಿದೇಶದಲ್ಲಾದರೆ ಕಾರ್ಡು ಮುಟ್ಟಿಸಿ ಒಂದು ಮೊತ್ತ ಹಿಡಿದಿಟ್ಟು, ಕೊನೆಗೆ ಆದಷ್ಟನ್ನೇ ಕತ್ತರಿಸುತ್ತಾರೆ. ನಮ್ಮಲ್ಲಿ ಆನ್‌ಲೈನ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ 2009ರಿಂದಲೇ ಎರಡನೇ ಖಾತ್ರಿ ಕಡ್ಡಾಯ ಮಾಡಿದೆ. ಮೋಸ ತಡೆಯಲು ಅದು ಒಳ್ಳೆಯದೇ, ನಾನೇ ಎಷ್ಟು ಗಿರಾಕಿಗಳಿಗೆ ಹೊಗಳಿ ಹೇಳಿದ್ದೇನೆ! ಹಾಗಾಗಿ ಕಂಪನಿಗಳು ಸುಲಭದ ದಾರಿ ಹಿಡಿದವು: ಮೊದಲು ದುಡ್ಡು ಹಾಕು, ಆಮೇಲೆ ಕರೆಂಟು. ಕನಿಷ್ಠ ಇಷ್ಟು ಹಾಕಲೇಬೇಕು. ಉಳಿದದ್ದು ಅಲ್ಲೇ ಇರಲಿ, ಮತ್ತೆ ಬರುತ್ತೀಯಲ್ಲ... ಮಗನ ಫೋನಿನಲ್ಲಿ ಇಂಥ ಎಂಟು ಆ್ಯಪುಗಳಿದ್ದವು. ಎಲ್ಲದರಲ್ಲೂ ಚಿಲ್ಲರೆ. ಬಡ್ಡಿ ಇಲ್ಲದ ಠೇವಣಿಗೆ ಬ್ಯಾಂಕಿನಲ್ಲಿ ನಾವು ಎಷ್ಟು ಒದ್ದಾಡುತ್ತಿದ್ದೆವು, ಇವರಿಗೆ ಕೂತಲ್ಲೇ ಬರುತ್ತದೆ.

ಬೇರೆ ದೇಶದವರು ಇದನ್ನು ದಾಟಿ ಹೋದವರೇ. ಬ್ರಿಟನ್ನಿನ ಮೋಟರ್‌ವೇಗಳಲ್ಲಿ ಇಕೋಟ್ರಿಸಿಟಿ ಕಂಪನಿ 2011ರಿಂದ ಪುಕ್ಕಟೆ ಕರೆಂಟು ಕೊಟ್ಟಿತು. 2016ರ ಜುಲೈನಲ್ಲಿ 20 ನಿಮಿಷಕ್ಕೆ 5 ಪೌಂಡ್ ಅಂತ ಆ್ಯಪಿನ ಮೂಲಕ ವಸೂಲಿ ಶುರು ಮಾಡಿದಾಗ ಗಲಾಟೆಯಾಯಿತು, ದರ ಬದಲಿಸಬೇಕಾಯಿತು. ನಿಮಿಷದ ಲೆಕ್ಕವೇ ತಪ್ಪು ನೋಡಿ, ನಿಧಾನ ಕುಡಿಯುವ ಗಾಡಿಯವನು ಹೆಚ್ಚು ಕೊಡಬೇಕು. ಕೊನೆಗೆ ಸರ್ಕಾರವೇ 2023ರಲ್ಲಿ ನಿಯಮ ಮಾಡಿತು. ದರ ಯೂನಿಟ್ ಲೆಕ್ಕದಲ್ಲೇ ಕಾಣಬೇಕು, 2024ರ ನವೆಂಬರ್ 24ರಿಂದ ವೇಗದ ಯಂತ್ರಗಳೆಲ್ಲ ಸಾಮಾನ್ಯ ಬ್ಯಾಂಕ್ ಕಾರ್ಡು ಮುಟ್ಟಿಸಿದರೆ ನಡೆಯಬೇಕು. ಯುರೋಪಿನ ಒಕ್ಕೂಟದಲ್ಲೂ 2024ರ ಏಪ್ರಿಲ್‌ನಿಂದ ಹೆಚ್ಚು ಕಡಿಮೆ ಇಂಥದ್ದೇ ನಿಯಮ.

ನಮ್ಮಲ್ಲಿ ದಾರಿಯ ದುಡ್ಡಿನ ಇನ್ನೊಂದು ತಲೆನೋವು, ಟೋಲ್ ನಾಕಾ, 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಒಂದು ಸ್ಟಿಕ್ಕರಿಗೆ ಇಳಿಯಿತು. ಯಾವ ಬ್ಯಾಂಕಿನದ್ದಾದರೂ ಎಲ್ಲ ನಾಕಾದಲ್ಲೂ ನಡೆಯುತ್ತದೆ. ರಸ್ತೆಗೆ ಆದದ್ದು ಕರೆಂಟಿಗೆ ಯಾಕೆ ಆಗಬಾರದು? 2024ರ ಕೊನೆಗೆ ದೇಶದಲ್ಲಿ 25 ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದವು, ಎಲ್ಲಕ್ಕಿಂತ ಹೆಚ್ಚು, 5,700ರ ಮೇಲೆ, ಕರ್ನಾಟಕದಲ್ಲಿ. 2025ರ ಮೇ ತಿಂಗಳಲ್ಲಿ ಕೇಂದ್ರ ಸಚಿವ ಕುಮಾರಸ್ವಾಮಿಯವರು ಎಲ್ಲವನ್ನೂ ಒಂದೇ ಆ್ಯಪಿಗೆ ತರುವ ಕೆಲಸಕ್ಕೆ ಬಿಎಚ್‌ಇಎಲ್ ಸಂಸ್ಥೆಯನ್ನು ಯೋಚಿಸುತ್ತಿರುವುದಾಗಿ ಹೇಳಿದರು. ಒಳ್ಳೆಯದು. ಆದರೆ ಗುಂಡಿ ಫೋನಿನವನಿಗೆ ಎಂಟು ಆ್ಯಪೂ ಒಂದೇ, ಒಂದು ಆ್ಯಪೂ ಒಂದೇ. ಫಾಸ್ಟ್ಯಾಗ್ ಇಲ್ಲದವನೂ ದುಪ್ಪಟ್ಟು ಕೊಟ್ಟಾದರೂ ನಾಕಾ ದಾಟಿದ. ನಿಪ್ಪಾಣಿಯ ಯಂತ್ರಕ್ಕೆ ನಾನು ಮೂರು ಪಟ್ಟು ಕೊಡಲು ತಯಾರಿದ್ದೆ, ತಗೊಳ್ಳುವವರೇ ಇರಲಿಲ್ಲ.

ಹಾಂ, ನಿಪ್ಪಾಣಿ.

ಪಕ್ಕದಲ್ಲೇ ಒಂದು ಚಹಾದ ಅಂಗಡಿ ಆಗಷ್ಟೇ ಬಾಗಿಲು ತೆಗೆಯುತ್ತಿತ್ತು. ಮೂವತ್ತರ ಆಸುಪಾಸಿನ ಮಾಲೀಕ ಸ್ಟೋವ್ ಹಚ್ಚುತ್ತಾ ನಮ್ಮನ್ನೇ ನೋಡುತ್ತಿದ್ದ.

"ಯಾಕ್ರಿ ಕಾಕಾ, ಗಾಡಿ ಕೆಟ್ಟತೇನ್ರಿ?"

"ಕೆಟ್ಟಿಲ್ಲಪಾ. ರೊಕ್ಕ ಕೊಡಾಕ ಬರವಲ್ದು."

ನಾಲ್ಕು ದಶಕ ಮುಂಬಯಿಯ ಕನ್ನಡದಲ್ಲಿ ಸವೆದ ನಾಲಿಗೆ ಕಷ್ಟ ಬಂದ ಕೂಡಲೇ ತಾನಾಗಿ ಧಾರವಾಡಕ್ಕೆ ಹೊರಳಿತ್ತು. ಅವ್ವನ ವರ್ಷಾಂತಿಕ ಅಂತ ಹೇಳಿದೆ. ಅವನು ಹೆಚ್ಚು ಮಾತಾಡಲಿಲ್ಲ. ತನ್ನ ಫೋನು ಮಗನ ಕೈಗೆ ಕೊಟ್ಟ. ಅವನ ಹೆಸರಿನಲ್ಲಿ, ಅವನ ನಂಬರಿನಲ್ಲಿ ಆ್ಯಪ್ ಹಾಕಿದೆವು. ಓಟಿಪಿ ಟಣ್ ಅಂತ ಬಂತು. ಅವನ ಯುಪಿಐಯಿಂದಲೇ 600 ರೂಪಾಯಿ ಹಾಕಿದ, ನಾನು 600ರ ನೋಟು ಅವನ ಗಲ್ಲಾದ ಮೇಲೆ ಇಟ್ಟೆ. ಯಂತ್ರ ಗುರ್ರ್ ಅಂದಿತು. ಒಂದು ತಾಸು, ಮೂರು ಕಪ್ ಚಹಾ. 22 ಯೂನಿಟ್, ಯೂನಿಟ್ಟಿಗೆ 18 ರೂಪಾಯಿ, 396. ಅದರ ಮೇಲೆ ಶೇಕಡಾ 18 ಜಿಎಸ್‌ಟಿ 71 ರೂಪಾಯಿ 28 ಪೈಸೆ. ಒಟ್ಟು 467 ರೂಪಾಯಿ 28 ಪೈಸೆ. ಚಹಾದ ದುಡ್ಡು ಮಾತ್ರ ಎಷ್ಟು ಹೇಳಿದರೂ ತಗೊಳ್ಳಲಿಲ್ಲ. "ಅಜ್ಜಿ ಹೆಸರ್ಲೆ ಇರ್ಲಿ ಬಿಡ್ರಿ" ಅಂದ. ನಿಧಾನವಾಗಿ ಓಡಿಸಿ ಹತ್ತೂಕಾಲಿಗೆ ಧಾರವಾಡ ಮುಟ್ಟಿದೆವು. ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಬಯ್ಯಲು ತಯಾರಾಗಿ.

ಆಮೇಲೆ ನಾಲ್ಕು ಸಲ ಆ ದಾರಿಯಲ್ಲಿ ಹೋಗಿದ್ದೇನೆ, ಅಲ್ಲಿ ಚಹಾ ಕುಡಿಯದೆ ಮುಂದೆ ಹೋಗಿಲ್ಲ. ಪ್ರತಿ ಸಲವೂ ಅವನು ಫೋನು ತೆಗೆದು ಆ ಆ್ಯಪ್ ತೋರಿಸುತ್ತಾನೆ. "ಕಾಕಾ, ನಿಮ್ಮ 132 ರೂಪಾಯಿ 72 ಪೈಸೆ ನನ್ನ ಹಂತ್ಯಾಕ ಐತ್ರಿ. ಹೊರಗ ತಗ್ಯಾಕ ಬರವಲ್ದು." ಅವನ ಹತ್ತಿರ ಇರುವುದು ಪೆಟ್ರೋಲಿನ ಹಳೇ ಸ್ಪ್ಲೆಂಡರ್.