ಮೌಸಿನಾಚೆಯ ದಾರಿಗಳು

ಕೈಗೆ ಬಂದು ಕೂರುವ ಮೊದಲು ಮೌಸ್ ಒಂದು ಪಂದ್ಯ ಗೆಲ್ಲಬೇಕಾಯಿತು. 1960ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ಅದನ್ನು ಲೈಟ್ ಪೆನ್, ಜಾಯ್‌ಸ್ಟಿಕ್‌ಗಳ ಎದುರು ನಿಲ್ಲಿಸಿದರು. ಮೇಜಿನಡಿ ಮೊಣಕಾಲಿನಿಂದ ಆಡಿಸುವ ಒಂದು ಸಾಧನವೂ ಕಣದಲ್ಲಿತ್ತು. ಹೊಸಬರು ಬಳಸಿದಾಗ ಅದೇನೂ ಹಿಂದೆ ಬೀಳಲಿಲ್ಲ. ಪಳಗಿದ ಕೈಯಲ್ಲಿ ಮಾತ್ರ ಮೌಸ್ ಮೇಲಾಯಿತು. ಅಲ್ಲಿಂದಾಚೆ ಕಂಪ್ಯೂಟರ್ ಎಂದರೆ ಕೈ ನೆಟ್ಟಗಿರುವವರದ್ದು ಎಂಬುದು ಯಾರೂ ಹೇಳದೆಯೇ ತೀರ್ಮಾನವಾಗಿಹೋಯಿತು.

ಕೈಯಿಲ್ಲದ ದಾರಿ ಅಷ್ಟರಲ್ಲಾಗಲೇ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ತೆರೆದಿತ್ತು. ಬೆನ್ನುಹುರಿ ಪೆಟ್ಟಾಗಿ ಮಲಗಿದವರಿಗಾಗಿ ರೆಜ್ ಮೇಲಿಂಗ್ 1960ರ ಸುಮಾರಿಗೆ 'ಪಾಸಮ್' ಯಂತ್ರ ರೂಪಿಸಿದರು. ಬಾಯಲ್ಲಿಟ್ಟ ನಳಿಕೆಯನ್ನು ಊದಿದರೆ ಒಂದು ಸಂಕೇತ, ಹೀರಿದರೆ ಇನ್ನೊಂದು. ದೀಪ, ಕರೆಗಂಟೆ, ಮುಂದೆ ಟೈಪ್‌ರೈಟರ್ ಕೂಡ ಉಸಿರಿಗೆ ಓಗೊಟ್ಟವು. ಮೌಸಿನಷ್ಟು ಹೆಸರು ಅದಕ್ಕೆ ಬರಲಿಲ್ಲ. ಆದರೆ ಈ ಕ್ಷೇತ್ರದ ಮೂಲ ಪ್ರಶ್ನೆಯನ್ನು ಕೇಳಿದ್ದು ಅದೇ: ಈ ದೇಹದಲ್ಲಿ ಇನ್ನೂ ಮಾತು ಕೇಳುವ ಸ್ನಾಯು ಯಾವುದು?

ಸ್ನಾಯುಗಳು ಒಂದೊಂದಾಗಿ ಸೋಲುತ್ತಿದ್ದ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಕತೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಓದಬೇಕು. 1985ರಲ್ಲಿ ನ್ಯುಮೋನಿಯಾಕ್ಕೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅವರ ಮಾತು ಪೂರ್ತಿ ನಿಂತಿತು. ಅಮೆರಿಕದ ವಾಲ್ಟ್ ವೋಲ್ಟೋಸ್ ಕೊಟ್ಟ 'ಈಕ್ವಲೈಸರ್' ತಂತ್ರಾಂಶದ ಪರದೆಯಲ್ಲಿ ಆಯ್ಕೆಗಳು ಸರದಿಯಂತೆ ಬೆಳಗುತ್ತಿದ್ದವು. ಬೇಕಾದದ್ದು ಬೆಳಗಿದಾಗ ಕೈಯಲ್ಲಿದ್ದ ಸ್ವಿಚ್ ಒತ್ತಬೇಕು. ಒಂದು ಕ್ಷಣ ತಡವಾದರೆ ಮುಂದಿನ ಸುತ್ತಿಗೆ ಕಾಯಬೇಕು. ಆಗ ನಿಮಿಷಕ್ಕೆ ಹದಿನೈದರಷ್ಟು ಪದಗಳಾಗುತ್ತಿದ್ದವು. ಬೆರಳು ಸೋತ ಮೇಲೆ ಕನ್ನಡಕಕ್ಕೆ ಸಿಕ್ಕಿಸಿದ ಇನ್‌ಫ್ರಾರೆಡ್ ಸೆನ್ಸರ್ ಅವರ ಕೆನ್ನೆಯ ಮಿಸುಕನ್ನು ಓದತೊಡಗಿತು. 2014ರಲ್ಲಿ ಇಂಟೆಲ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದಾಗಲೂ ಸ್ವಿಚ್ ಕೆನ್ನೆಯೇ. ಬದಲಾದದ್ದು ಪದ ಊಹಿಸುವ ತಂತ್ರಾಂಶ. ಅದರಿಂದ ಅವರು ಒಂದೊಂದಾಗಿ ಆರಿಸಬೇಕಾದ ಅಕ್ಷರಗಳು ಐದನೇ ಒಂದಕ್ಕಿಂತ ಕಡಿಮೆಯಾದವು ಎಂದು ಇಂಟೆಲ್ ಹೇಳಿತು. ಸಾಧನವನ್ನೇ ಕೊಂಡಾಡುವವರು ಗಮನಿಸಬೇಕಾದ ಮಾತಿದು.

ಕೆನ್ನೆಯ ಬದಲು ಕಣ್ಣೋಟದಿಂದಲೇ ಕಂಪ್ಯೂಟರ್ ನಡೆಸಬಹುದು; ಅದರ ತೊಡಕು ಬೇರೆ ಬಗೆಯದು. ಕಣ್ಣು ಬೆರಳಿಗಿಂತ ಚುರುಕು, ನಿಜ. ಆದರೆ ನಾವು ನೋಡಿದ್ದೆಲ್ಲ ನಮಗೆ ಬೇಕಾದದ್ದಲ್ಲವಲ್ಲ! ನೋಟ ಬಿದ್ದಲ್ಲೆಲ್ಲ ಕ್ಲಿಕ್ ಆಗುವ ಈ ಪೀಡೆಗೆ ರಾಬರ್ಟ್ ಜೇಕಬ್ 1990ರಲ್ಲಿ ಮುಟ್ಟಿದ್ದೆಲ್ಲ ಚಿನ್ನವಾಗುವ ಮೈಡಾಸ್ ದೊರೆಯ ಹೆಸರಿಟ್ಟರು. ನಮ್ಮವರಾಗಿದ್ದರೆ ಭಸ್ಮಾಸುರನನ್ನು ನೆನೆಯುತ್ತಿದ್ದರೇನೋ. ನೋಟವನ್ನು ಒಂದೆಡೆ ತುಸು ಹೊತ್ತು ನಿಲ್ಲಿಸಿದರೆ ಮಾತ್ರ ಆಯ್ಕೆ ಎಂಬ ಉಪಾಯವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. 2001ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಟೋಬಿ ಕಂಪನಿ ಇದನ್ನು ಮಾರುಕಟ್ಟೆಗೆ ತಂದವರಲ್ಲಿ ಪ್ರಮುಖ. 2017ರಲ್ಲಿ ವಿಂಡೋಸ್ 10ರೊಳಗೂ ಕಣ್ಣಿನ ನಿಯಂತ್ರಣ ಸೇರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಣ್ಣೋಟದಿಂದ ನಡೆಯುವ ರೋಬಾಟ್ ತೋಳಿನ ಮೇಲೂ ಕೆಲಸ ನಡೆದಿದೆ.

ಪತ್ರಿಕೆಗಳಿಗೆ ಪ್ರಿಯವಾದದ್ದು ಮಿದುಳಿನ ದಾರಿ. 2004ರಲ್ಲಿ ಅಮೆರಿಕದ ಬ್ರೇನ್‌ಗೇಟ್ ತಂಡ 96 ಎಲೆಕ್ಟ್ರೋಡ್‌ಗಳ ಪುಟ್ಟ ಬಿಲ್ಲೆಯನ್ನು ಕೈಕಾಲು ಸ್ವಾಧೀನ ತಪ್ಪಿದ್ದ ಮ್ಯಾಟ್ ನೇಗಲ್ ಎಂಬವರ ಮಿದುಳಿಗೆ ಕೂರಿಸಿತು. ಅವರು ಪರದೆಯ ಕರ್ಸರ್ ಆಡಿಸಿ ಇ-ಮೇಲ್ ತೆರೆದರು. 2021ರಲ್ಲಿ ಇನ್ನೊಬ್ಬರು ಬರೆಯುವುದನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡು ನಿಮಿಷಕ್ಕೆ 90 ಅಕ್ಷರ ಮೂಡಿಸಿದರು. ಬೆರಗಿನ ಸಾಧನೆಯೇ. ಆದರೆ ತಲೆಬುರುಡೆ ತೆರೆಯಬೇಕಾದ ಉಪಾಯ ಸದ್ಯಕ್ಕೆ ಮನೆಮನೆಗೆ ಬರುವಂಥದ್ದಲ್ಲ.

ನನ್ನ ಕಳವಳ ಕನ್ನಡದ್ದು. 'ರಾಷ್ಟ್ರ' ನಮಗೆ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಏಳು ಸಂಕೇತ: ರ, ದೀರ್ಘ, ಷ, ವಿರಾಮ, ಟ, ಮತ್ತೆ ವಿರಾಮ, ರ. ಕೀಲಿಮಣೆಯಲ್ಲಿ ಬೆರಳಾಡಿಸುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಒಂದೇ ಸ್ವಿಚ್ಚಿನಲ್ಲಿ ಬರೆಯುವವರಿಗೆ ಒಂದು ಪದಕ್ಕೆ ಏಳು ಸಲ ಸರದಿ ಕಾಯುವ ಕೆಲಸ. ಧ್ವನಿ ಟೈಪಿಂಗ್ ಇದೆಯಲ್ಲ ಎನ್ನಬಹುದು. ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಮಂದಿಗೆ ಕೈಯ ಜೊತೆ ಮಾತೂ ತೊಡರುತ್ತದೆ. ಅವರಿಗೆ ಬೇಕಾದದ್ದು ನಮ್ಮ ವಿಭಕ್ತಿ, ಒತ್ತಕ್ಷರಗಳನ್ನು ಬಲ್ಲ, ಪದವನ್ನು ಮುಂದಾಗಿ ಊಹಿಸುವ ತಂತ್ರಾಂಶ. ಕನ್ನಡದ ತಂತ್ರಾಂಶ ಬರೆಯುವವರು ಮೊದಲು ಕೈಹಾಕಬೇಕಾದ ಕೆಲಸ ಇದು. ಹಾಕಿಂಗ್ ಬಳಸಿದ ವ್ಯವಸ್ಥೆಯನ್ನು ಇಂಟೆಲ್ 2015ರಲ್ಲೇ ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟಿದೆ. ಅದರ ಮೇಲೆ ಕಟ್ಟಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ.